ಎಡಗಡೆಯ ಜಡೆ

ಸತ್ತವರು ಬದುಕಿರುವವರ ಮೈಮೇಲೆ ಬಂದು ಮಾತಾಡುತ್ತಾರೆ ಎಂಬುದನ್ನು ನಾನು ನಂಬಿದವಳಲ್ಲ. ನಂಬುವವರನ್ನು ತಿದ್ದುವುದು ನನ್ನ ಕೆಲಸದ ಒಂದು ಭಾಗವೇ ಆಗಿತ್ತು. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ತಾಯಂದಿರ ಸಭೆ ಸೇರಿಸಿ, ಮೈಮೇಲೆ ಬರುವುದೆಂದರೆ ಮನಸ್ಸಿನ ಒತ್ತಡ, ಬೇವಿನ ಸೊಪ್ಪಿನಲ್ಲಿ ಹೊಡೆಯುವ ಬದಲು ಮಕ್ಕಳನ್ನು ನಮ್ಮ ಹತ್ತಿರ ಕರೆದುಕೊಂಡು ಬನ್ನಿ ಎಂದು ಎಷ್ಟೋ ಸಲ ಭಾಷಣ ಬಿಗಿದಿದ್ದೇನೆ. ಹಿಂದೆ ಕೂತ ಮುದುಕಿಯರು ತಲೆದೂಗುತ್ತಿದ್ದರು. ನನ್ನ ಮಾತು ಒಪ್ಪಿಯೇ ತಲೆದೂಗುತ್ತಿದ್ದಾರೆ ಎಂದುಕೊಂಡಿದ್ದೆ. ಪಾಪ, ಈ ಹುಡುಗಿಗೆ ಏನೂ ಗೊತ್ತಿಲ್ಲ ಎಂದು ತಲೆದೂಗುತ್ತಿದ್ದರೇನೋ ಎಂದು ಈಗ ಅನ್ನಿಸುತ್ತದೆ.

ಇಂಥದ್ದೆಲ್ಲ ಅಮಾವಾಸ್ಯೆಯ ರಾತ್ರಿ ನಡೆದರೆ ಹೇಳುವುದಕ್ಕೂ ಚೆನ್ನ, ಕೇಳುವುದಕ್ಕೂ ಚೆನ್ನ. ನನಗೆ ಆದದ್ದು ಒಂದು ಭಾನುವಾರ, ಮಧ್ಯಾಹ್ನ ಮೂರೂವರೆಗೆ, ಊಟವಾಗಿ ಎಲ್ಲರೂ ಆಕಳಿಸುತ್ತಿದ್ದ ಹೊತ್ತಿನಲ್ಲಿ. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ತಾಯಲೂರಿನಿಂದ ಸ್ವಲ್ಪ ದೂರದಲ್ಲಿ, ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ ಉದ್ದನೆಯ ಮನೆಯೊಂದರಲ್ಲಿ ನಮ್ಮ ಕೇಂದ್ರವಿತ್ತು. ಮನೆ ಬಿಟ್ಟು ಓಡಿದವರು, ಕೈ ಕೊಯ್ದುಕೊಂಡವರು, ಕುಡುಕ ಅಪ್ಪಂದಿರ ಹೊಡೆತ ತಿಂದವರು, ಹೀಗೆ ಹದಿಹರೆಯದ ಹೆಣ್ಣುಮಕ್ಕಳು ಆರು ತಿಂಗಳು ಅಲ್ಲಿದ್ದು ಚೇತರಿಸಿಕೊಂಡು ಹೋಗುತ್ತಿದ್ದರು. ನಾನು ಅಲ್ಲಿ ಆಪ್ತಸಮಾಲೋಚಕಿ. ತಿಂಗಳಿಗೊಂದು ಭಾನುವಾರ ಮನೆಯವರು ಬರಬೇಕು, ಮಗಳ ಎದುರು ಕೂತು ಮಾತಾಡಬೇಕು. ಬಾರದವರೇ ಹೆಚ್ಚು. ಅದಕ್ಕಾಗಿ ನಾವು ‘ಖಾಲಿ ಚಾಪೆ’ ಎಂಬ ಕ್ರಮ ಇಟ್ಟುಕೊಂಡಿದ್ದೆವು. ಹುಡುಗಿಯ ಎದುರು ಒಂದು ಚಾಪೆ ಹಾಸುವುದು. ಬಾರದ ಅಪ್ಪನ ಅಥವಾ ಅಮ್ಮನ ಜಾಗದಲ್ಲಿ ನಮ್ಮಲ್ಲೊಬ್ಬರು ಕೂರುವುದು. ಹುಡುಗಿ ಎದೆಯಲ್ಲಿರುವುದನ್ನು ಕೇಳುವುದು. ಒಂದು ನಿಯಮವಿತ್ತು. ಕೂರುವ ಮೊದಲು, ‘ನಾನು ನಿನ್ನ ಅಮ್ಮನಲ್ಲ, ಅವಳ ಜಾಗದಲ್ಲಿ ಕೂರುತ್ತಿದ್ದೇನೆ, ಅಷ್ಟೆ’ ಎಂದು ನಮ್ಮ ಹೆಸರು ಹೇಳಿ ಕೂರಬೇಕು. ಎದ್ದ ಮೇಲೆ ಚಾಪೆ ಕೊಡವಿ ಮತ್ತೆ ಹೆಸರು ಹೇಳಬೇಕು. ತರಬೇತಿಯಲ್ಲಿ ಇದನ್ನು ಒತ್ತಿ ಒತ್ತಿ ಹೇಳಿದ್ದರು. ನನಗೆ ಅದೊಂದು ಶಾಸ್ತ್ರದಂತೆ ಕಾಣುತ್ತಿತ್ತು.

ಆ ಭಾನುವಾರ ನನ್ನ ಎದುರು ಕೂತವಳು ಮಾನಸ. ಹದಿನಾರು ವರ್ಷ. ಅವಳಿಗೆ ಹನ್ನೊಂದಾಗಿದ್ದಾಗ ತಾಯಿ ಒಂದು ಬೆಳಿಗ್ಗೆ ಮನೆಯಿಂದ ಹೋದವಳು ವಾಪಸ್ ಬಂದಿರಲಿಲ್ಲ. ಬದುಕಿದ್ದಾಳೋ ಇಲ್ಲವೋ ಯಾರಿಗೂ ತಿಳಿಯದು. ಅಪ್ಪ ಮಾಲೂರಿನಲ್ಲಿ ಇನ್ನೊಂದು ಸಂಸಾರ ಕಟ್ಟಿಕೊಂಡಿದ್ದ. ಹುಡುಗಿಯನ್ನು ಸಾಕಿದ್ದು ಅಪ್ಪನ ತಾಯಿ. ಮಾನಸ ನಾಲ್ಕು ಸಲ ಮನೆ ಬಿಟ್ಟು ಓಡಿದ್ದಳು. ನಾಲ್ಕು ಸಲವೂ ಅವಳು ಸಿಕ್ಕಿದ್ದು ಬಸ್‌ಸ್ಟ್ಯಾಂಡುಗಳಲ್ಲಿ, ಇಳಿಯುವ ಹೆಂಗಸರ ಮುಖ ನೋಡುತ್ತಾ ನಿಂತಿದ್ದಾಗ. ಕೊನೆಯ ಸಲ ತಲೆಗೂದಲನ್ನು ತಾನೇ ಕತ್ತರಿಸಿಕೊಂಡಿದ್ದಳು. ಇನ್ನೊಂದು ಸಲ ಓಡಿದರೆ ಯಾರ ಕೈಗೆ ಸಿಗುತ್ತಾಳೋ ಎಂಬ ಭಯ ನಮಗೆಲ್ಲ ಇತ್ತು. ಅವಳನ್ನು ಓಡದಂತೆ ನಿಲ್ಲಿಸುವುದೊಂದೇ ನನ್ನ ಗುರಿ.

ಅಜ್ಜಿ ಗಂಗಮ್ಮ ಅವತ್ತು ಬಂದಿದ್ದರು. ನಾಲ್ಕೂವರೆಯ ಬಸ್ಸು ತಪ್ಪಿದರೆ ಹಾಲು ಕರೆಯುವವರಿಲ್ಲ ಎಂದು ಮೂರು ಗಂಟೆಯಿಂದಲೇ ಚಡಪಡಿಸುತ್ತಿದ್ದರು. ಆ ಅವಸರದಲ್ಲಿ ನಾನು ಹೆಸರು ಹೇಳದೆ ಕೂತುಬಿಟ್ಟೆ. ಅಷ್ಟೇ ನಾನು ಮಾಡಿದ ತಪ್ಪು. ಅದು ತಪ್ಪೋ ಅಲ್ಲವೋ ಇವತ್ತಿಗೂ ಗೊತ್ತಿಲ್ಲ.

ಮಾನಸ ತಲೆ ಎತ್ತಿ ಒಂದೇ ಪ್ರಶ್ನೆ ಕೇಳಿದಳು. “ಅಮ್ಮಾ, ಯಾಕೆ ಬರಲಿಲ್ಲ?”

ಇದಕ್ಕೆ ನನ್ನ ಹತ್ತಿರ ಸಿದ್ಧ ಉತ್ತರವಿತ್ತು. ನಿನ್ನ ತಪ್ಪೇನೂ ಇಲ್ಲ ಮಗಳೇ, ನನಗೂ ಕಷ್ಟವಿತ್ತು, ಎಂದು ಶುರುವಾಗಬೇಕು. ಬಾಯಿ ತೆರೆದೆ. ನನ್ನ ಬಾಯಿಂದ ಬಂದದ್ದು ಬೇರೆ. “ದಾ ಬಂಗಾರು, ಎಡಮ ಪಕ್ಕ ಜಡ ಏಸ್ತಾ.”

ಬಾ ಬಂಗಾರ, ಎಡಗಡೆಯ ಜಡೆ ಹಾಕುತ್ತೇನೆ, ಎಂದು ಅದರ ಅರ್ಥ. ನಾನು ತುಮಕೂರು ಕಡೆಯವಳು. ಇಲ್ಲಿಗೆ ಬಂದ ಮೇಲೆ ಕಿವಿಗೆ ಬಿದ್ದ ತೆಲುಗು ಅಷ್ಟಿಷ್ಟು ಅರ್ಥವಾಗುತ್ತಿತ್ತು, ಒಂದು ವಾಕ್ಯ ನೆಟ್ಟಗೆ ಆಡಲು ಬರುತ್ತಿರಲಿಲ್ಲ. ಆ ಮಾತನ್ನು ನಾನು ಆಡಿದೆ ಅನ್ನುವುದಕ್ಕಿಂತ, ಪಕ್ಕದವರು ಆಡಿದ್ದನ್ನು ಕೇಳಿಸಿಕೊಂಡಂತೆ ಕೇಳಿಸಿಕೊಂಡೆ. ನನ್ನ ಎರಡು ಕೈಗಳೂ ಮುಂದೆ ಚಾಚಿದ್ದವು, ಕೂದಲು ಹಿಡಿಯುವವರ ಹಾಗೆ.

ಮಾನಸ ಬಿಳಿಚಿಕೊಂಡಳು. ಗಂಗಮ್ಮ ಮಾತ್ರ ಒಂದು ಕ್ಷಣವೂ ತಡಮಾಡಲಿಲ್ಲ. ಇಂಥದ್ದನ್ನು ಕಂಡವರು. ನನ್ನ ಮುಂದೆ ಮಂಡಿಯೂರಿ, ಗಟ್ಟಿಯಾಗಿ ಕೇಳಿದರು. “ಎಲ್ಲಿದೀಯೇ? ಯಾವೂರಲ್ಲಿದೀಯಾ ಹೇಳೇ! ಮಗಾ ಸಾಯ್ತಾ ಐತೆ, ಹೇಳೇ!”

ಆ ಕೂಗಿಗೆ ನಾನು ಬೆಚ್ಚಿದೆ. ಬಾಯಿ ಮುಚ್ಚಿದೆ. ಎದ್ದು ಚಾಪೆ ಕೊಡವಿ ನನ್ನ ಹೆಸರು ಹೇಳಿದೆ, ಒಂದಲ್ಲ ಮೂರು ಸಲ. ಇನ್ನೊಂದು ನಿಮಿಷ ಸುಮ್ಮನೆ ಕೂತಿದ್ದರೆ ಏನಾಗುತ್ತಿತ್ತೋ ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ. ಇಂಥದ್ದನ್ನೆಲ್ಲ ನಂಬದ ನಾನು ಇದನ್ನು ಯೋಚಿಸುವುದೇ ನಾಚಿಕೆ. ಆದರೂ ಯೋಚಿಸುತ್ತೇನೆ.

ಸಂಜೆ ಮಾನಸ ನನ್ನ ಕೋಣೆಗೆ ಬಂದು, ಯಾರಿಗೂ ಹೇಳದೇ ಇದ್ದದ್ದನ್ನು ಹೇಳಿದಳು. ತಾಯಿ ಅವಳೊಂದಿಗೆ ಆಡುತ್ತಿದ್ದದ್ದು ತೆಲುಗೇ. ಹೋದ ಬೆಳಿಗ್ಗೆ ಅವಳಿಗೆ ಸ್ಕೂಲಿಗೆ ಎರಡು ಜಡೆ ಹಾಕುತ್ತಿದ್ದಳಂತೆ. ಬಲಗಡೆಯದು ಮುಗಿದಿತ್ತು. ಹಳೆಯ ರಿಬ್ಬನ್ ಬೇಡ, ಹೊಸದೇ ಬೇಕು ಎಂದು ಇವಳು ಹಟ ಹಿಡಿದಳು. ಇರು ತರ್ತೀನಿ ಎಂದು ತಾಯಿ ಅಂಗಡಿಗೆ ಹೋದಳು. ಒಂದು ಜಡೆಯಲ್ಲೇ ಸಂಜೆಯವರೆಗೆ ಬಾಗಿಲಲ್ಲಿ ಕೂತಿದ್ದು, ಅಜ್ಜಿ ಬರುವ ಮೊದಲು ಅದನ್ನೂ ಬಿಚ್ಚಿಕೊಂಡಳಂತೆ ಮಗು. ತಾನು ಹಟ ಮಾಡಿದ್ದಕ್ಕೇ ಅಮ್ಮ ಹೋದಳು ಎಂದು ಐದು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು.

ನಾನು ಅವಳ ಫೈಲನ್ನು ಮೊದಲಿಂದ ಕೊನೆಯವರೆಗೆ ಎರಡು ಸಲ ಓದಿದೆ. ಜಡೆಯ ಮಾತು ಎಲ್ಲೂ ಇರಲಿಲ್ಲ. ಗಂಗಮ್ಮನಿಗೂ ಗೊತ್ತಿರಲಿಲ್ಲ, ಆ ದಿನವಿಡೀ ಅವರು ಹೊಲದಲ್ಲಿದ್ದರು. ಮಾನಸ ನಿದ್ದೆಯಲ್ಲಿ ಕನವರಿಸಿದ್ದನ್ನು ಕೇಳಿಸಿಕೊಂಡಿರಬೇಕು ನೀನು, ಎಂದರು ನಮ್ಮ ಹಿರಿಯ ಸಮಾಲೋಚಕಿ. ಇರಬಹುದು. ಆದರೆ ನಾನು ರಾತ್ರಿ ಕೇಂದ್ರದಲ್ಲಿ ಮಲಗಿದವಳೇ ಅಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದೊಂದು ಸೋಜಿಗ ಎಂದು ಮರೆತುಬಿಡುತ್ತಿದ್ದೆ. ಮಾರನೆಯ ದಿನ ಮಾನಸ ನನ್ನ ದುಪಟ್ಟಾದ ಚುಂಗು ಹಿಡಿದುಕೊಂಡಳು. “ಮೇಡಂ, ಇನ್ನೊಂದ್ಸಲ ಕೂತ್ಕೊಳ್ಳಿ. ಒಂದೇ ಸಲ. ಎಲ್ಲವ್ಳೆ ಅಂತ ಕೇಳ್ಬಿಡ್ತೀನಿ.” ಕೂರಬಾರದು ಎಂದು ಗೊತ್ತಿತ್ತು. ಮೂರು ದಿನ ತಳ್ಳಿಹಾಕಿದೆ. ಅವಳು ಊಟ ಬಿಟ್ಟಳು. ನಾಲ್ಕನೆಯ ದಿನ ಬಾಗಿಲು ಹಾಕಿ, ಅದೇ ಚಾಪೆ ಹಾಸಿ, ಹೆಸರು ಹೇಳದೆಯೇ ಕೂತೆ. ಓದಿದವಳು, ನಾಚಿಕೆ ಬಿಟ್ಟು, ಬಾ ತಾಯೀ ಎಂದು ಒಳಗೊಳಗೇ ಬೇಡಿಕೊಂಡೆ.

ಏನೂ ಬರಲಿಲ್ಲ. ಅವಳು ಕೇಳಿದಳು, ಮತ್ತೆ ಕೇಳಿದಳು. ಕೊನೆಗೆ ನನಗೆ ತಡೆಯಲಾಗದೆ, ನಿನ್ನ ತಪ್ಪೇನೂ ಇಲ್ಲ ಮಗಳೇ, ಎಂದು ಕಲಿತ ಪಾಠ ಒಪ್ಪಿಸತೊಡಗಿದೆ. ಮಾನಸ ನನ್ನ ಮುಖ ನೋಡಿದಳು.

“ಇದು ನೀವು ಮೇಡಂ,” ಎಂದಳು. ಆಮೇಲೆ ನಿಧಾನವಾಗಿ, ತಾನೇ ನನಗೆ ಸಮಾಧಾನ ಮಾಡುವವಳ ಹಾಗೆ ಹೇಳಿದಳು. “ಬಿಡಿ. ಬದುಕಿರೋರು ಇನ್ನೊಬ್ರ ಮೈಮೇಲೆ ಬರಲ್ಲ, ಅಲ್ವಾ? ಸತ್ತೋರೇ ಬರೋದು. ಅಮ್ಮ ಸತ್ತೋಗವ್ಳೆ.”

ಇಲ್ಲ ಎಂದೆ. ಹಾಗೆಲ್ಲ ಇಲ್ಲ, ಅದು ಬರೀ ನನ್ನ ಬಾಯಿಂದ ಬಂದ ಮಾತು ಎಂದೆ. ಹಾಗಾದರೆ ಜಡೆ ವಿಷಯ ನಿಮಗೆ ಹೇಗೆ ಗೊತ್ತಾಯಿತು ಎಂದಳು. ಐದು ವರ್ಷ ಅವಳನ್ನು ಬಸ್‌ಸ್ಟ್ಯಾಂಡಿನಿಂದ ಬಸ್‌ಸ್ಟ್ಯಾಂಡಿಗೆ ಓಡಿಸಿದ್ದ ಆಸೆಯನ್ನು ನನ್ನ ಬಾಯೇ ಕಿತ್ತುಕೊಂಡಿತ್ತು.

ಅಲ್ಲಿಂದ ಮಾನಸ ಓಡಲಿಲ್ಲ. ಹೊತ್ತಿಗೆ ಸರಿಯಾಗಿ ಉಂಡಳು, ಹೊಲಿಗೆ ಕಲಿತಳು, ಕೂದಲು ಬೆಳೆಸಿದಳು. ಇಂಥ ಸುಧಾರಣೆ ನಾವು ಕಂಡೇ ಇಲ್ಲ ಎಂದು ಮೀಟಿಂಗಿನಲ್ಲಿ ಎಲ್ಲರೂ ನನ್ನನ್ನು ಹೊಗಳಿದರು. ಆರು ತಿಂಗಳಿಗೆ ಅವಳನ್ನು ಅಜ್ಜಿಯ ಮನೆಗೆ ಕಳಿಸಿದೆವು. ಕೊನೆಯ ವರದಿಯಲ್ಲಿ, ‘ತಾಯಿಯ ಅಗಲಿಕೆಯನ್ನು ಒಪ್ಪಿಕೊಂಡಿದ್ದಾಳೆ’ ಎಂದು ನಾನೇ ಬರೆದೆ. ಒಬ್ಬ ಹೆಂಗಸನ್ನು ಕಾಗದದ ಮೇಲೆ ಸಾಯಿಸಿದ ಹಾಗಿತ್ತು.

ಆ ವರ್ಷದಿಂದ ಮಹಾಲಯ ಅಮಾವಾಸ್ಯೆಯ ದಿನ ಮಾನಸ ತಾಯಿಗೆ ಎಡೆ ಇಡುತ್ತಾಳೆ. ಬಾಳೆ ಎಲೆಯ ಮೇಲೆ ಒಬ್ಬಟ್ಟು, ವಡೆ, ಪಕ್ಕದಲ್ಲಿ ಹೊಸ ಸೀರೆ, ಸೀರೆಯ ಮೇಲೆ ಒಂದು ಮೊಳ ಕೆಂಪು ರಿಬ್ಬನ್. ಫೋಟೋ ತೆಗೆದು ನನಗೆ ಕಳಿಸುತ್ತಾಳೆ. ಮೂರು ವರ್ಷ ಬಂತು ಫೋಟೋ. ನೋಡಿ, ಕೈಮುಗಿದ ಚಿತ್ರವೊಂದನ್ನು ಕಳಿಸುತ್ತಿದ್ದೆ.

ಹೋದ ವರ್ಷ ಫೋಟೋ ಬರಲಿಲ್ಲ. ಸಂಜೆ ಫೋನ್ ಬಂತು.

“ಮೇಡಂ, ಮಾಳಿಗೆ ಮೇಲೆ ಇಟ್ಟ ಎಡೇನ ಕಾಗೆ ಮುಟ್ಟಲೇ ಇಲ್ಲ. ಬೆಳಿಗ್ಗೆಯಿಂದ ಕಾದೆ. ಪಕ್ಕದ ಮನೇದೆಲ್ಲ ತಿಂದು ಹೋಯ್ತು, ನಮ್ದು ಹಂಗೇ ಐತೆ. ಅವಳಿಗೆ ಏನೋ ಕೊರತೆ ಆಗೈತೆ ಅಂತಾಳೆ ಅಜ್ಜಿ. ನಂಗೆ ಬೇರೆ ಅನ್ಸ್ತೈತೆ.” ಆಮೇಲೆ ಕೇಳಿದಳು. “ಬದುಕವ್ಳಾ ಮೇಡಂ? ನಾನು ಹುಡುಕೋದು ಬಿಟ್ಟಿದ್ದು ತಪ್ಪಾಯ್ತಾ?”

ಆ ಕಡೆ ಅವಳು ಕಾಯುತ್ತಿದ್ದಳು. ಅವಳ ಹಿಂದೆ ಎಲ್ಲೋ ಬಸ್ಸಿನ ಹಾರ್ನ್ ಕೇಳಿಸಿತು. ಸಮಾಲೋಚಕಿಯ ಮಾತು ಒಂದೂ ನೆನಪಿಗೆ ಬರಲಿಲ್ಲ. ನಾನು ಕೋಣೆಯ ನೆಲದ ಮೇಲೆ ಕೂತೆ, ಹೆಸರು ಹೇಳದೆ. ಫೋನನ್ನು ಕಿವಿಗೊತ್ತಿ, ಬಾಯಿ ತೆರೆದು, ನಾನೂ ಕಾದೆ. ಏನೂ ಬರಲಿಲ್ಲ.