ಮೂರನೆಯ ಮಿಸ್ ಕಾಲ್

ಅವತ್ತು ನಿನ್ನ ಮಿಸ್ ಕಾಲ್ ಮೂರು ಬಂದಿದ್ದವು, ಮಾದೇವಿ. ಎರಡೇ ಬಂದವು ಎಂದು ನಾನು ಹೇಳಿದೆ. ಶಾಂತಾಳಿಗೆ ಹೇಳಿದೆ, ಅವ್ವನಿಗೆ ಹೇಳಿದೆ, ಮೂರು ವರ್ಷದ ಮೇಲೆ ನೀನೇ ಎದುರು ಕೂತು ಕೇಳಿದಾಗ ನಿನಗೂ ಹೇಳಿದೆ. ನನಗೆ ನಾನೇ ಹೇಳಿಕೊಳ್ಳಲೂ ನೋಡಿದೆ — ಅದೊಂದು ಮಾತ್ರ ಆಗಲಿಲ್ಲ. ಮೂರನೆಯದು ನನ್ನ ಅಂಗಿಯ ಕಿಸೆಯಲ್ಲಿ, ಎದೆಯ ಮೇಲೆಯೇ ನಡುಗಿತ್ತು. ಎಣಿಕೆ ತಪ್ಪುವುದು ಹೇಗೆ?

ನೀನು ಹೋಗಿ ಹತ್ತೊಂಬತ್ತು ದಿನವಾಯಿತು. ಇನ್ನು ಯಾರಿಗೆ ಹೆದರಬೇಕು ನಾನು? ನಿನ್ನ ಗಂಡ ಈಗ ಕೋಲು ಹಿಡಿದು ನಡೆಯುತ್ತಾನೆ, ನನ್ನನ್ನು ಕಂಡರೆ ಮುಖ ತಗ್ಗಿಸುತ್ತಾನೆ. ಆದರೂ ಈ ಸಾಲು ಬರೆಯುವಾಗ ಒಮ್ಮೆ ಬಾಗಿಲ ಕಡೆ ನೋಡಿದೆ.

ಓದುವವರಿಗೆ ಇಷ್ಟು ತಿಳಿಸಬೇಕು. ಮಾದೇವಿ ನನ್ನ ಬೆನ್ನಿಗೆ ಬಿದ್ದ ತಂಗಿ. ನಾವು ಇಳಕಲ್ಲಿನ ನೇಕಾರರು. ಮನೆಯಲ್ಲಿ ಅವ್ವ, ನಾನು, ನನ್ನ ಹೆಂಡತಿ ಶಾಂತಾ, ಒಂದು ಕುಣಿಮಗ್ಗ. ತಂಗಿಯನ್ನು ಗುಡೂರಿಗೆ ಕೊಟ್ಟಿದ್ದೆವು. ಅವಳ ಗಂಡ ಯಮನಪ್ಪ ಕಲ್ಲು ಕ್ವಾರಿಯಲ್ಲಿ ದುಡಿಯುತ್ತಿದ್ದ. ಕುಡಿಯುತ್ತಿದ್ದ, ಹೊಡೆಯುತ್ತಿದ್ದ. ಅವರಿಗೆ ಸಾವಿತ್ರಿ ಎಂಬ ಒಂದು ಹೆಣ್ಣುಕೂಸು. ಮದುವೆಯಾದ ಐದನೆಯ ವರ್ಷ ಪಂಚಮಿಗೆ ಅವಳನ್ನು ತವರಿಗೆ ಕರೆತರಲು ಹೋದೆ. ಗುಡೂರಿನ ಬಸ್ ನಿಲ್ದಾಣದಲ್ಲೇ ಯಮನಪ್ಪ ಅಡ್ಡ ಬಂದ. ಅಷ್ಟು ಜನರ ಮುಂದೆ ನನ್ನ ಕೊರಳಪಟ್ಟಿ ಹಿಡಿದ.

"ಇನ್ನೊಮ್ಮಿ ನನ್ನ ಮನಿ ಕಡೆ ಮುಖಾ ಹಾಕಿದ್ಯೋ, ಹೊಳ್ಳಿ ಹೋಗಾಕ ಕಾಲ ಇರಂಗಿಲ್ಲ ನೋಡ ಮಗನ."

ಅವನು ನನಗಿಂತ ಒಂದು ಗೇಣು ಎತ್ತರ. ಅವನು ಕೈ ಬಿಟ್ಟ ಮೇಲೆ ಅಂಗಿ ಸರಿಮಾಡಿಕೊಂಡು ಹೊರಟು ನಿಂತಿದ್ದ ಬಸ್ಸು ಹತ್ತಿದೆ. ಅವ್ವ ಕಟ್ಟಿಕೊಟ್ಟ ಉಂಡಿಯ ಡಬ್ಬಿ ತೊಡೆಯ ಮೇಲೆಯೇ ಇತ್ತು. ಅದನ್ನು ಹಾಗೇ ಮನೆಗೆ ತಂದೆ. ಆ ದಿನದಿಂದ ನನ್ನೊಳಗೆ ಒಂದು ಹೆದರಿಕೆ ಕೂತಿತು. ತಂಗಿಗೆ ಏನಾದೀತೋ ಎಂಬ ಹೆದರಿಕೆ ಎಂದೇ ನಾನು ತಿಳಿದಿದ್ದೆ. ಅಲ್ಲ — ಅದು ಯಮನಪ್ಪನ ಹೆದರಿಕೆ. ಎರಡನ್ನೂ ಬೇರೆ ಮಾಡಿ ನೋಡುವ ಧೈರ್ಯ ಆಗ ಇರಲಿಲ್ಲ.

ನಾನು ಹೋಗುವಂತಿಲ್ಲ, ಅವಳು ಬರುವಂತಿಲ್ಲ. ಆಗ ಫೋನಿನ ಯೋಚನೆ ಬಂತು. ಎರಡು ಸಾವಿರದ ಆರನೆಯ ಇಸವಿಯ ಸುಮಾರು. ನಮ್ಮ ಓಣಿಯಲ್ಲಿ ಮೊಬೈಲು ಕೈಗೆ ಬರತೊಡಗಿದ್ದ ಕಾಲ. ಬಸ್ ನಿಲ್ದಾಣದ ಹತ್ತಿರದ ಅಂಗಡಿಗೆ ಮೂರು ಸಲ ಹೋಗಿ ವಿಚಾರಿಸಿದೆ. ಒಂದು ಪ್ಲ್ಯಾನಿನಲ್ಲಿ ತಿಂಗಳು ತಿಂಗಳು ಕಾರ್ಡು ತಿಕ್ಕಿ ಕರೆನ್ಸಿ ಹಾಕಬೇಕು; ಹೋಗುವ ಕರೆ ಅಗ್ಗ. ಇನ್ನೊಂದು ಲೈಫ್‌ಟೈಮ್, ಒಮ್ಮೆ ದುಡ್ಡು ಕಟ್ಟಿದರೆ ಬರುವ ಕರೆ ಕಾಯಂ, ಹೋಗುವ ಕರೆ ಮಾತ್ರ ತುಟ್ಟಿ.

"ಲೈಫ್‌ಟೈಮ್ ಅಂದ್ರ ಯಾರ ಲೈಫ್ರೀ, ನಂದೋ ಕಂಪನೀದೋ?" ಎಂದು ಪಕ್ಕದಲ್ಲಿದ್ದ ಗಿರಾಕಿಯೊಬ್ಬ ಕೇಳಿದ.

"ಯಾರದ ಮೊದಲ ಮುಗೀತೈತೋ ಅವರದ್ರಿ," ಎಂದ ಅಂಗಡಿಯವನು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಲೈಫ್‌ಟೈಮ್ ಆರಿಸಿದೆ ನಿನಗೆಂದು, ಮಾದೇವಿ. ತಿಂಗಳು ತಿಂಗಳು ಕರೆನ್ಸಿ ಹಾಕಿಸಲು ನೀನು ಗುಡೂರಿನ ಅಂಗಡಿಗೆ ಹೋಗಬೇಕು, ಆ ಅಂಗಡಿಯವನು ಯಮನಪ್ಪನಿಗೆ ಹೇಳುತ್ತಾನೆ — ಅದು ಖರೆ ಕಾರಣ. ಆದರೆ ಇಂದು ಅನಿಸುತ್ತದೆ: ನೀನು ಕೇಳಿಸಿಕೊಳ್ಳಬಹುದು, ಮಾತಾಡುವ ಹಾಗಿಲ್ಲ ಎಂಬ ಪ್ಲ್ಯಾನನ್ನೇ ನಾನು ನಿನಗೆ ಆರಿಸಿಕೊಟ್ಟೆ. ಸಮಾಧಾನ ಹೇಳುವುದು ನನ್ನ ಕೈಯಲ್ಲಿ ಇರಲಿ ಎಂದೋ… ಗೊತ್ತಿಲ್ಲ.

ಹುನಗುಂದದಲ್ಲಿ ಬಳಗದವರ ಮದುವೆಗೆ ನೀನು ಅತ್ತೆಯ ಜೊತೆ ಬಂದಿದ್ದೆ. ಅಡುಗೆ ಮಾಡುವ ಕಡೆ, ನೀರಿನ ಡ್ರಮ್ಮಿನ ಹಿಂದೆ ನಿಂತು, ಕುಪ್ಪಸದ ಖಣದಲ್ಲಿ ಸುತ್ತಿದ ಫೋನನ್ನು ನಿನ್ನ ಕೈಗಿಟ್ಟೆ. ಹೆದರಿ ಹೆದರಿ, ಐದೇ ನಿಮಿಷದಲ್ಲಿ ಎಲ್ಲ ಕಲಿಸಿದೆ. ಸಪ್ಪಳ ಬರದ ಹಾಗೆ ಇಡುವುದು. ಅತ್ತೆ ಹೊಲಕ್ಕೆ ಹೋದಾಗ ಚಾರ್ಜಿಗೆ ಹಾಕುವುದು, ಉಳಿದ ಹೊತ್ತು ಜೋಳದ ಚೀಲದೊಳಗೆ ಹುಗಿಯುವುದು. ಹೋದ ಕರೆ ಹತ್ತಿತೋ ಇಲ್ಲವೋ ಎಂದು ಅನುಮಾನ ಬಂದರೆ ಯಾವ ಗುಂಡಿ ಒತ್ತಿ ನೋಡಬೇಕು — ಅಲ್ಲಿ ನನ್ನ ಹೆಸರು ಬರುತ್ತದೆ, ಅದರ ಕೆಳಗೆ ಪ್ರತಿ ಸಲ ಹಚ್ಚಿದ ಹೊತ್ತು ಬರುತ್ತದೆ. ನೀನು ಏಳನೆಯ ಇಯತ್ತೆ ಓದಿದವಳು, ಒಂದೇ ಸಲಕ್ಕೆ ಕಲಿತೆ.

ಮತ್ತೆ ನಮ್ಮ ಗುರುತು. ಒಂದು ಮಿಸ್ ಕಾಲ್ ಬಂದರೆ, ಆರಾಮ ಇದ್ದೇನೆ. ಮಧ್ಯಾಹ್ನ ನಾನು ಫೋನ್ ಮಾಡಬಹುದು. ಬೆನ್ನ ಹಿಂದೆಯೇ ಎರಡು ಬಂದರೆ, ಮನೆಯಲ್ಲಿ ಜನರಿದ್ದಾರೆ, ಇವತ್ತು ಮಾಡಬೇಡ. ಮೂರು ಬಂದರೆ — ನೀನೇ ಹೇಳಿದ್ದು ಅದು — ಕೂಸನ್ನು ಎತ್ತಿಕೊಂಡು ಬಸ್ ನಿಲ್ದಾಣಕ್ಕೆ ಬಂದಿದ್ದೇನೆ, ಬಂದು ಕರೆದುಕೊಂಡು ಹೋಗು.

ನೀನೇ ಬಸ್ಸು ಹತ್ತಿ ಯಾಕೆ ಬರಬಾರದು ಎಂದು ಕೇಳಿದೆ.

"ಒಬ್ಬಾಕಿನ ಬಂದ್ರ ಓಡಿ ಬಂದಾಳ ಅಂತಾರ ಅಣ್ಣಾ. ನೀ ಬಂದು ಕರಕೊಂಡು ಹೋದ್ರ ತವರಿಗೆ ಹೋದ್ಲು ಅಂತಾರ. ನಾಳೆ ಈ ಹುಡುಗೀನೂ ಯಾರರ ಲಗ್ನಾ ಮಾಡ್ಕೋಬೇಕಲ್ಲ."

ಹೂಂ ಎಂದೆ. ಮಾತು ಕೊಟ್ಟೆ.

ಏಳೆಂಟು ತಿಂಗಳು ಹಾಗೇ ನಡೆಯಿತು. ಬೆಳಿಗ್ಗೆ ಕಿಸೆಯಲ್ಲಿ ಫೋನು ನಡುಗಿದರೆ ಎಣಿಸತೊಡಗುತ್ತಿದ್ದೆ. ಒಂದಕ್ಕೆ ನಿಂತರೆ ಮತ್ತೆ ಮಗ್ಗಕ್ಕೆ ಕೈ ಹಾಕುತ್ತಿದ್ದೆ. ಎರಡಾದರೆ ಕಾಯುತ್ತಿದ್ದೆ, ಮೂರನೆಯದು ಬಾರದಿರಲಿ ಎಂದು. ನಿನ್ನ ಒಳ್ಳೆಯದಕ್ಕೆ ಹಾಗೆ ಬೇಡುತ್ತಿದ್ದೇನೆ ಎಂದುಕೊಂಡಿದ್ದೆ. ಮೂರು ಬಂದರೆ ನಾನು ಹೋಗಿ ನಿಲ್ಲಬೇಕಾದದ್ದು ಅದೇ ಬಸ್ ನಿಲ್ದಾಣದಲ್ಲಿ, ಅದೇ ಯಮನಪ್ಪನ ಎದುರಿಗೆ. ನಾನು ಬೇಡಿದ್ದು ಅದು ತಪ್ಪಲಿ ಎಂದು.

ಆ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಕೊಂಡಿ ಹಾಕಲು ಕೂತಿದ್ದೆವು. ಸೀರೆಯ ಮೈಯ ಹಾಸು, ಎಂದರೆ ಉದ್ದದ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವ ಕೆಲಸ ಅದು. ಇಬ್ಬರು ಬೇಕು. ಕೂತವರು ಮುಗಿಯುವವರೆಗೆ ಏಳಬಾರದು ಎಂಬುದು ಅಪ್ಪನ ಕಾಲದಿಂದ ನಮ್ಮ ಮನೆಯ ಪದ್ಧತಿ. ಮದುವೆಗೆ ಮುಂಚೆ ನನ್ನ ಎದುರು ಕೂತು ಎಳೆ ಎತ್ತಿ ಕೊಡುತ್ತಿದ್ದವಳು ನೀನೇ. ಅವತ್ತು ಶಾಂತಾ ಕೂತಿದ್ದಳು.

ಫೋನು ನಡುಗಿತು. ನಿಂತಿತು. ಮತ್ತೆ ನಡುಗಿತು, ನಿಂತಿತು. ನಾನು ಕೈಯಲ್ಲಿದ್ದ ಎಳೆ ಬಿಡದೆ ಕಾದೆ. ಆಮೇಲೆ ಮೂರನೆಯದು. ಅದು ಉಳಿದವುಗಳಿಗಿಂತ ಉದ್ದಕ್ಕೆ ಬಂತು — ನೀನು ಕಟ್ ಮಾಡಲಿಲ್ಲ, ತಾನಾಗಿ ನಿಲ್ಲುವವರೆಗೆ ಬಿಟ್ಟಿದ್ದೆ. ಎತ್ತಿದ್ದರೆ ನಿನ್ನ ದನಿ ಕೇಳುತ್ತಿತ್ತು. ಎತ್ತಲಿಲ್ಲ.

ಶಾಂತಾ ತಲೆ ಎತ್ತಿದಳು. "ಎಷ್ಟ ಬಂದೂರಿ?"

"ಎರಡ," ಎಂದೆ. "ಮನ್ಯಾಗ ಜನಾ ಅದಾರಂತ. ಇವತ್ತ ಮಾಡೂದು ಬ್ಯಾಡ."

ಒಳಗಿನಿಂದ ಅವ್ವ ಕೇಳಿದಳು, ಆರಾಮ ಅದಾಳಲ್ಲೋ ಎಂದು. ಅವಳಿಗೂ ಅದನ್ನೇ ಹೇಳಿದೆ.

ನಾನು ಕೊಂಡಿ ಹಾಕುತ್ತಲೇ ಇದ್ದೆ. ಕೈ ನಡುಗಲಿಲ್ಲ, ಮಾದೇವಿ. ಆ ಸೆರಗಿನಲ್ಲಿ ಒಂದು ಎಳೆಯೂ ತಪ್ಪಲಿಲ್ಲ. ಇಂದಿಗೂ ನನಗೆ ಹೆಚ್ಚು ಹೆದರಿಕೆಯಾಗುವುದು ಅದನ್ನು ನೆನೆದರೆ.

ಮುಗಿದಾಗ ಮಧ್ಯಾಹ್ನವಾಗಿತ್ತು. ಚಹಾ ಕುಡಿದು ಬರುತ್ತೇನೆ ಎಂದು ಹೇಳಿ ಬಸ್ ನಿಲ್ದಾಣಕ್ಕೆ ಹೋದೆ. ಗುಡೂರಿನ ಕಡೆ ಹೋಗುವ ಒಂದು ಬಸ್ಸು ಹೋಯಿತು, ನೋಡುತ್ತ ನಿಂತೆ. ಇನ್ನೊಂದಕ್ಕೆ ಕಾಲಿಟ್ಟೆ. ಮೆಟ್ಟಿಲ ಮೇಲೆ ನಿಂತವನ ಕೊರಳಿಗೆ ಆ ಕೈ ಮತ್ತೆ ಬಂದ ಹಾಗಾಯಿತು.

"ಹತ್ತೂದಿದ್ರ ಹತ್ರಿ, ಇಲ್ಲಾಂದ್ರ ಬಾಗಲಾ ಬಿಡ್ರಿ," ಎಂದ ಕಂಡಕ್ಟರ್.

ಬಾಗಿಲು ಬಿಟ್ಟೆ. ನಿಲ್ದಾಣದ ಗೋಡೆಗೆ ಒರಗಿ ಫೋನು ತೆಗೆದೆ. ಮೂರು ಮಿಸ್ ಕಾಲ್ ಎಂದು ಪರದೆ ತೋರಿಸುತ್ತಿತ್ತು. ಒಂದೊಂದಾಗಿ ಅಳಿಸಿದೆ.

ಮರುದಿನ ಮಿಸ್ ಕಾಲ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾನು ಹಚ್ಚಿದರೆ ಸ್ವಿಚ್ ಆಫ್. ಬಾವಿ, ಹಗ್ಗ, ಸೀಮೆಎಣ್ಣೆ — ನಾನು ಏನೇನು ಕಣ್ಣ ಮುಂದೆ ತಂದುಕೊಂಡೆನೋ ಬರೆಯಲಾರೆ. ಎಂಟನೆಯ ದಿನ ಸಂತೆಗೆ ಬಂದ ಗುಡೂರಿನ ಹೆಣ್ಣುಮಗಳೊಬ್ಬಳು, ನಿಮ್ಮ ಮಾದೇವಿ ನೀರು ಹೊರುವುದನ್ನು ಕಂಡೆ, ಆರಾಮ ಇದ್ದಾಳೆ, ಕೈಗೆ ಮಾತ್ರ ಪಟ್ಟಿ ಕಟ್ಟಿದ್ದಾರೆ ಎಂದಳು. ಆರಾಮ ಎಂಬ ಮಾತೊಂದನ್ನೇ ಇಟ್ಟುಕೊಂಡೆ. ಪಟ್ಟಿಯ ಮಾತು ಅವ್ವನಿಗೆ ಹೇಳಲಿಲ್ಲ.

ಆಮೇಲೆ ನಿನ್ನಿಂದ ಒಂದು ಮಿಸ್ ಕಾಲೂ ಇಲ್ಲ. ಲೈಫ್‌ಟೈಮ್ ಎಂದರೂ ಆರು ತಿಂಗಳಿಗೊಮ್ಮೆ ಕರೆನ್ಸಿ ಹಾಕಿಸದಿದ್ದರೆ ನಂಬರು ಹೋಗುತ್ತದೆ ಎಂದು ಅಂಗಡಿಯವನು ಆಮೇಲೆ ಹೇಳಿದ. ನಾನು ಹಾಕಿಸುತ್ತ ಹೋದೆ, ಯಾರಿಗೂ ಹೇಳದೆ, ವರ್ಷಗಟ್ಟಲೆ. ಹಾಕಿಸಿ ಮನೆಗೆ ಬಂದು ನನ್ನ ಫೋನನ್ನು ಗೂಡಿನಲ್ಲಿ ದೂರ ಇಡುತ್ತಿದ್ದೆ — ನೀನು ಕರೆಯಬೇಕು ಎಂದೂ ಇತ್ತು, ಕರೆದರೆ ಏನು ಮಾಡಲಿ ಎಂದೂ ಇತ್ತು.

ಅವ್ವ ತೀರಿಕೊಂಡಾಗ ನೀನು ಬಂದೆ. ಸಾವಿಗೆ ಯಾರೂ ತಡೆಯುವುದಿಲ್ಲ. ಮೂರನೆಯ ದಿನ ಎಲ್ಲರೂ ಮಲಗಿದ ಮಧ್ಯಾಹ್ನ, ಮಗ್ಗದ ಹತ್ತಿರ, ನೀನು ಯಾವಾಗಲೂ ಕೂರುತ್ತಿದ್ದ ಕಡೆಯೇ ಬಂದು ಕೂತೆ. ಹಾಸಿನ ಮೇಲೆ ಕೈಯಾಡಿಸಿದೆ. ಅವತ್ತು ಹತ್ತು ಗಂಟೆಯಿಂದ ಕಡೆಯ ಬಸ್ಸಿನವರೆಗೆ ಸಾವಿತ್ರಿಯನ್ನು ಮಡಿಲಲ್ಲಿ ಹಾಕಿಕೊಂಡು ನಿಲ್ದಾಣದಲ್ಲಿ ಕಾದೆ ಎಂದು, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದೆ. ಆಮೇಲೆ ಕೇಳಿದೆ.

"ಅಣ್ಣಾ, ಅವತ್ತ ಎಷ್ಟ ಬಂದಿದ್ದೂವೋ?"

"ಎರಡ, ತಂಗಿ."

ನೀನು ಬಹಳ ಹೊತ್ತು ನನ್ನ ಮುಖ ನೋಡಿದೆ. ಆಮೇಲೆ ಕಣ್ಣು ತೆಗೆದು ಎಳೆಗಳ ಮೇಲೆ ಇಟ್ಟೆ.

"ಹಂಗಾರ ನನ್ನ ಕೈನ ತಪ್ಪೇತಿ ಬಿಡು. ಮೂರನೇದು ಹತ್ತಿರಂಗಿಲ್ಲ." ಎಳೆಗಳನ್ನು ಸವರುತ್ತ ನೀನು ಅಂದೆ, "ಕೊಂಡಿ ಹಾಕಾಕ ಕುಂತಿದ್ದಿ ಏನೋ?"

"ಹೂಂ."

"ಅದರಾಗ ನಡುವ ಏಳಾಕ ಬರಂಗಿಲ್ಲ."

ನನಗೆ ಬಿಡುಗಡೆಯಾದ ಹಾಗಾಯಿತು. ಅದನ್ನೂ ಹೇಳಿಬಿಡಬೇಕು — ನಿನ್ನ ತಪ್ಪೆಂದು ನೀನೇ ಒಪ್ಪಿಕೊಂಡಾಗ ನನಗೆ ಹಗುರವಾಯಿತು. ಆ ಸಂಜೆ ಹೊಟ್ಟೆ ತುಂಬ ಉಂಡೆ.

ಹದಿನೈದು ವರ್ಷ ಹಾಗೇ ಹೋದವು. ಆಮೇಲಾಮೇಲೆ ಯಮನಪ್ಪನ ಕೈಯ ಜೋರು ಇಳಿಯಿತು, ನೀನು ಹಬ್ಬಕ್ಕೆ ಬಂದು ಹೋಗುತ್ತಿದ್ದೆ, ನಗುತ್ತಲೂ ಇದ್ದೆ. ಫೋನಿನ ಮಾತು ಮತ್ತೆಂದೂ ಎತ್ತಲಿಲ್ಲ. ಕಾಮಾಲೆ ಬಂದು ಹದಿನೈದೇ ದಿನದಲ್ಲಿ ಹೊರಟುಹೋದೆ.

ನಿನ್ನ ದಿನಕರ್ಮ ಮುಗಿಸಿ ಹೊರಡುವಾಗ ಸಾವಿತ್ರಿ ಒಂದು ಸಣ್ಣ ಗಂಟು ತಂದು ಕೊಟ್ಟಳು. ನಮ್ಮವ್ವನ ಟ್ರಂಕಿನ ತಳದಲ್ಲಿ ಸಿಕ್ಕಿತು, ಇದು ಯಾರ ಫೋನು ಮಾಮಾ ಎಂದಳು. ಖಣ ಅದೇ, ನಾನು ಸುತ್ತಿಕೊಟ್ಟದ್ದೇ. ಗಂಟನ್ನು ಮತ್ತೆ ಕಟ್ಟಿ ನನ್ನ ಚೀಲಕ್ಕೆ ಹಾಕಿಕೊಂಡೆ. ಅವಳು ಇನ್ನೊಂದು ಕೇಳಿದಳು.

"ಸಣ್ಣಾಕಿ ಇದ್ದಾಗ ಒಂದಿನಾ ನಾನೂ ಅವ್ವಾ ಬಸ್‌ಸ್ಟ್ಯಾಂಡಿನ್ಯಾಗ ಕತ್ತಲಾಗೂತನಾ ಕುಂತಿದ್ವಿ ಮಾಮಾ. ಯಾರ ಸಲುವಾಗಿ ಅಂತ ಅವ್ವ ಸಾಯೂತನಾ ಹೇಳ್ಲಿಲ್ಲ. ನಿನಗ ಗೊತ್ತೈತೇನು?"

"ಇಲ್ಲವ್ವಾ," ಎಂದೆ. ನೀನು ಹೋದ ಮೇಲೂ.

ಇಳಕಲ್ಲಿಗೆ ಬಂದು ಆ ಹಳೆಯ ಫೋನಿಗೆ ಕೂಡುವ ಸಣ್ಣ ಪಿನ್ನಿನ ಚಾರ್ಜರು ಹುಡುಕಿಸಿದೆ. ನಾಲ್ಕು ಅಂಗಡಿ ಅಲೆದ ಮೇಲೆ ಸಿಕ್ಕಿತು. ಒಂದು ತಾಸು ಬಿಟ್ಟು ಗುಂಡಿ ಒತ್ತಿದೆ, ಬೆಳಕು ಬಂತು. ನಂಬರು ಎಂದೋ ಸತ್ತಿದೆ, ಸಿಗ್ನಲ್ಲಿನ ಗೆರೆ ಒಂದೂ ಇಲ್ಲ. ನಿನಗೆ ಕಲಿಸಿದ ಗುಂಡಿಯನ್ನೇ ಒತ್ತಿದೆ. ಒಂದೇ ಹೆಸರು — ಅಣ್ಣ. ಅದರ ಕೆಳಗೆ ಆ ಕಡೆಯ ದಿನದ ಹೊತ್ತು. ಹತ್ತು ಗಂಟೆ ಆರು ನಿಮಿಷ. ಹತ್ತು ಗಂಟೆ ಏಳು ನಿಮಿಷ. ಹತ್ತು ಗಂಟೆ ಎಂಟು ನಿಮಿಷ.

ಕಡೆಯ ಬಸ್ಸಿನವರೆಗೆ ಅಲ್ಲಿ ಕೂತವಳು ಇದನ್ನು ಎಷ್ಟು ಸಲ ತೆಗೆದು ನೋಡಿರಬೇಕು ನೀನು. ಮಗ್ಗದ ಹತ್ತಿರ ಬಂದು ಕೇಳಿದಾಗ ನಿನಗೆ ಉತ್ತರ ಗೊತ್ತಿತ್ತು. ನನ್ನ ಕೈನ ತಪ್ಪೇತಿ ಎಂದೆಯಲ್ಲ… ಗೊತ್ತಿದ್ದೇ ಅಂದೆ.

ನಾಳೆ ಸಾವಿತ್ರಿ ಬಾಗಲಕೋಟೆಯಿಂದ ಬರುತ್ತಾಳೆ, ಮಾಮನನ್ನು ಮಾತಾಡಿಸಿ ಹೋಗಲು. ಫೋನನ್ನು ಚಾರ್ಜು ಮಾಡಿ ಮಗ್ಗದ ಪಕ್ಕದಲ್ಲಿಟ್ಟಿದ್ದೇನೆ, ಖಣದ ಮೇಲೆ. ಯಮನಪ್ಪನ ಕೈಗೆ ಹೆದರಿದ್ದಕ್ಕಿಂತ ಹೆಚ್ಚು ಈಗ ಆ ಹುಡುಗಿಯ ಕಣ್ಣಿಗೆ ಹೆದರುತ್ತಿದ್ದೇನೆ. ಅವಳು ಎದ್ದು ಹೋಗಬಹುದು, ಮತ್ತೆ ಈ ಮನೆಗೆ ಬಾರದೆಯೂ ಇರಬಹುದು. ಅದು ಅವಳಿಗೆ ಬಿಟ್ಟದ್ದು. ಅವತ್ತು ನೀವು ಕಾದದ್ದು ನನಗಾಗಿ ಎಂದು ಮೊದಲು ಹೇಳುತ್ತೇನೆ. ಆಮೇಲೆ ಎಷ್ಟು ಬಂದಿದ್ದವು ಎಂದು ಹೇಳುತ್ತೇನೆ.

ಮೂರು.