ಒಂಟಿ ಸೀನು

ನಮ್ಮ ಅಂಕಮ್ಮತ್ತೆಯ ಅಪ್ಪಣೆಯಿಲ್ಲದೆ ಬಸ್ತಿಹಳ್ಳಿಯ ನಮ್ಮ ಬೀದಿಯಿಂದ ಯಾರೂ ಊರು ಬಿಡುವಂತಿರಲಿಲ್ಲ. ಪರೀಕ್ಷೆಗೆ ಹೊರಟವರಿರಲಿ, ಹೆಣ್ಣು ನೋಡಲು ಹೊರಟವರಿರಲಿ, ಬರೀ ಚಪ್ಪಲಿ ತರಲು ಹಾಸನಕ್ಕೆ ಹೊರಟವರಿರಲಿ, ಜಗಲಿಯ ಮೇಲಿಂದ ಅವಳ ಒಂದು ಕಣ್ಣು ಇದ್ದೇ ಇರುತ್ತಿತ್ತು. ಬೆಕ್ಕು ಅಡ್ಡ ಬಂದರೆ ಕೂಗಿ ನಿಲ್ಲಿಸುವಳು. ಯಾರಾದರೂ ಒಂಟಿ ಸೀನು ಸೀನಿದರಂತೂ ಮುಗಿದೇ ಹೋಯಿತು. ಹೊರಟವರು ಒಳಗೆ ಬಂದು ಕೂತು, ಚೂರು ಬೆಲ್ಲ ಬಾಯಿಗೆ ಹಾಕಿ, ನೀರು ಕುಡಿದು, ಹೊಸದಾಗಿ ಹೊರಡಬೇಕು. ಇದರಿಂದ ನನಗೆ ತಪ್ಪಿದ ಬಸ್ಸುಗಳಿಗೆ ಲೆಕ್ಕವಿಲ್ಲ. ಆದರೂ ಅವಳ ಮೇಲೆ ಸಿಟ್ಟು ಬರುತ್ತಿರಲಿಲ್ಲ. ನಮಗೆಲ್ಲಿ ಏನಾಗಿಬಿಡುತ್ತದೋ ಎಂದು ಅವಳು ನಿಜವಾಗಿಯೂ ಹೆದರುತ್ತಿದ್ದಳು.

ಅವಳ ಗಂಡ ದೊಡ್ಡಬೀರಪ್ಪ ಮಾವ ಹಳೇಬೀಡಿನ ಹೈಸ್ಕೂಲಿನಲ್ಲಿ ಜವಾನ. ದೇಶದ ಜನವೆಲ್ಲ ಕಲ್ಲು ನೋಡಲು ನಮ್ಮೂರ ಕಡೆ ಬಂದರೆ, ಈ ಮಹಾರಾಯ ತನ್ನದೊಂದು ಕಲ್ಲನ್ನು ಹೊಟ್ಟೆಯೊಳಗೇ ಬೆಳೆಸಿಕೊಂಡಿದ್ದ. ಮೂತ್ರದ ದಾರಿಗೆ ಅಡ್ಡ ಕೂತ ಕಲ್ಲು. ನೋವು ಬಂದಾಗ ನೆಲದ ಮೇಲೆ ಹೊರಳಾಡುತ್ತಿದ್ದ. ಅರಸೀಕೆರೆಯ ಒಂದು ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಗೊತ್ತಾಯಿತು. ಮತ್ತಿನ ಮದ್ದು ಕೊಡುವ ಡಾಕ್ಟರು ಹಾಸನದಿಂದ ಬರಬೇಕು, ಮಧ್ಯಾಹ್ನಕ್ಕೆ ಹೊರಟುಬಿಡುತ್ತಾರೆ; ಆ ದಿನ ತಪ್ಪಿದರೆ ಮತ್ತೆ ಯಾವಾಗಲೋ. ಹಿಂದಿನ ರಾತ್ರಿಯಿಂದ ಊಟವಿಲ್ಲ, ನೀರೂ ಇಲ್ಲ ಎಂದು ಮಾವನಿಗೆ ಹೇಳಿ ಕಳಿಸಿದ್ದರು. ಮಾವ ಮನೆಗೆ ಬಂದು ಹೇಳಿದ್ದು, "ಊಟ ಬ್ಯಾಡ್ವಂತೆ" ಎಂದಷ್ಟೇ.

ಡಾಕ್ಟರ ಹತ್ತಿರ ಮಾತಾಡಲು ಓದಿದವನೊಬ್ಬನಿರಲಿ ಎಂದು ನನ್ನನ್ನೂ ಹೊರಡಿಸಿದರು. ಚಳಿಗಾಲದ ಬೆಳಗು, ನನ್ನ ಹಾಳು ಮೂಗು, ಸರಿಯಾಗಿ ಅವರಿಬ್ಬರೂ ಹೊಸ್ತಿಲು ದಾಟುವಾಗಲೇ ಸೀನಿದೆ. ಒಂದೇ ಸೀನು. ಇನ್ನೊಂದು ಬರಲೆಂದು ಎಷ್ಟು ಒದ್ದಾಡಿದರೂ ಬರಲಿಲ್ಲ.

"ಬನ್ರೀ ಒಳೀಕೆ," ಎಂದಳು ಅತ್ತೆ.

"ಸೀನಿದೋನು ಅವ್ನು, ಆಪ್ರೇಸನ್ ಮಾಡಿಸ್ಕಳೋನು ನಾನು. ಬಸ್ಸು ಹೊಂಟೋಯ್ತದೆ ಕಣೇ!"

"ಆಪ್ರೇಸನ್ ಐತೆ ಅಂತ್ಲೇ ಬನ್ನಿ ಅನ್ನಾದು."

ಮಾವ ಅವಳ ಮುಖ ನೋಡಿ ತೆಪ್ಪಗೆ ಒಳಗೆ ಹೋದ. ನಾನು ಬೀದಿಯಲ್ಲೇ ನಿಂತು ನನ್ನ ಮೂಗನ್ನು ಬೈದುಕೊಂಡೆ. ಒಳಗೆ ಏನು ನಡೆಯಿತೆಂದು ನೋಡಲಿಲ್ಲ.

ಜಾವಗಲ್ ಮೇಲೆ ಹೋಗುವ ಬಸ್ಸು ಹೇಗೋ ಸಿಕ್ಕಿತು. ನರ್ಸಿಂಗ್ ಹೋಮಿನಲ್ಲಿ ಮಾವನಿಗೆ ಹಸಿರು ಗೌನು ತೊಡಿಸಿ ಮಲಗಿಸಿದರು. ನರ್ಸು ವೆಂಕಟಲಕ್ಷ್ಮಮ್ಮ ಬಂದು ಕೇಳಿದರು, "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ತಾನೆ? ನೀರು?"

"ನೀರೂ ಇಲ್ಲ," ಎಂದ ಮಾವ.

ಅತ್ತೆ ಅವನನ್ನೇ ನೋಡಿದಳು. ಆಮೇಲೆ ಮೆಲ್ಲಗೆ ನರ್ಸನ್ನು ಕೇಳಿದಳು, "ನೀರು ಕುಡುದ್ರೆ ಏನಾಯ್ತದವ್ವಾ?"

"ಮತ್ತಿನ ಮದ್ದು ಕೊಟ್ಟಾಗ ಹೊಟ್ಟೇಲಿರೋದು ಮೇಲಕ್ಕೆ ಬಂದು ಶ್ವಾಸಕ್ಕೆ ಹೋಗ್ಬಿಡುತ್ತೆ ಕಣಮ್ಮ. ಜೀವಕ್ಕೇ ಅಪಾಯ."

ಮಾವ ಅತ್ತೆಯ ಮಣಿಕಟ್ಟು ಹಿಡಿದು ಅದುಮಿದ, ಸುಮ್ಮನಿರು ಎಂದು. ಅಷ್ಟರಲ್ಲಿ ತಳ್ಳುವ ಮಂಚ ಬಂತು. ಅವನನ್ನು ಅದಕ್ಕೆ ಹತ್ತಿಸಿ ಆಪರೇಷನ್ ಕೋಣೆಯ ಕಡೆ ತಿರುಗಿಸಿದರು. ಅತ್ತೆ ಹೋಗಿ ಮಂಚಕ್ಕೆ ಅಡ್ಡ ನಿಂತಳು. ಬೀದಿಯಲ್ಲಿ ನಮ್ಮನ್ನು ತಡೆಯುತ್ತಿದ್ದಳಲ್ಲ, ಹಾಗೆಯೇ.

"ನಿಲ್ಸಿ. ಕುಡ್ದವ್ರೆ. ನಾನೇ ಕುಡಿಸ್ದೆ, ಚೊಂಬು ತುಂಬ. ಬೆಲ್ಲಾನೂ ತಿನ್ಸಿವ್ನಿ."

ಆಪರೇಷನ್ ಮಾಡುವ ಡಾಕ್ಟರು ಹೊರಗೆ ಬಂದರು. "ತಲೆ ಇದೆಯೇನ್ರೀ ನಿಮಗೆ? ಗಂಡನ್ನ ಕೈಯಾರೆ ಸಾಯಿಸ್ತಿದ್ರಲ್ಲ!" ಎಂದು ಕೂಗಾಡಿದರು. ಕಾಯುತ್ತಿದ್ದ ಜನರೆಲ್ಲ ತಿರುಗಿ ನೋಡಿದರು. ಅತ್ತೆ ಸೆರಗು ಬಿಗಿಯಾಗಿ ಹಿಡಿದು ಅಷ್ಟನ್ನೂ ಕೇಳಿಸಿಕೊಂಡಳು. ಮಾತಾಡಲೆಂದೇ ಹೋದ ನಾನು ತುಟಿ ಪಿಟಕ್ಕೆನ್ನಲಿಲ್ಲ. ಕೊನೆಗೆ ಅತ್ತೆ, "ಬೈರಿ ಸೋಮಿ, ಆದ್ರೆ ಇವತ್ತೇ ಮಾಡ್ಕೊಡಿ. ನೋವು ತಡೀನಾರ್ರು," ಎಂದು ಕೈ ಮುಗಿದಳು. ಮತ್ತಿನ ಮದ್ದು ಕೊಡುವ ಡಾಕ್ಟರು ಗಡಿಯಾರ ನೋಡಿ, ನಿಟ್ಟುಸಿರು ಬಿಟ್ಟು, "ಉಳಿದವರದೆಲ್ಲ ಮುಗೀಲಿ. ಇವರದು ಕೊನೆಗೆ. ಇರ್ತೀನಿ," ಎಂದರು.

ಮಾವನನ್ನು ಮತ್ತೆ ಹಾಸಿಗೆಗೆ ತಂದರು. ಹೊತ್ತು ಏರಿತು. ಸ್ಟೇಷನ್ ಕಡೆಯಿಂದ ರೈಲು ಕೂಗುವುದು ಕೇಳಿಸುತ್ತಿತ್ತು. ಪಕ್ಕದವರು ಚಿತ್ರಾನ್ನದ ಡಬ್ಬಿ ಬಿಚ್ಚಿದರು, ಅತ್ತೆಗೂ ಕೊಡಲು ಬಂದರು. ಅವಳು ಬೇಡವೆಂದಳು.

"ನೀರು ಕುಡೀಬಾರ್ದು ಅಂತ ನಿಮ್ಗೆ ಗೊತ್ತಿತ್ತಾ?" ಎಂದು ಮಾವನನ್ನು ಕೇಳಿದಳು.

"ಹೂಂ."

"ಮತ್ಯಾಕೆ ಕುಡುದ್ರಿ?"

"ಕುಡೀದೆ ಬಂದಿದ್ರೆ ದಿನವೆಲ್ಲ ಜೀವ ಕೈಲಿ ಹಿಡ್ಕಂಡು ಕೂತಿರ್ತಿದ್ದೆ ನೀನು."

"ಕುಡುದ್ರಿ, ಆಯ್ತು. ನರ್ಸಮ್ಮಂಗೆ ಯಾಕೆ ಸುಳ್ಳೇಳಿದ್ರಿ?"

ಮಾವ ಗೋಡೆಯ ಕಡೆ ತಿರುಗಿದ. "ಎಲ್ರ ಮುಂದೆ ನಿನ್ನ ಬಯ್ತಾರೆ ಅಂತ."

 "ಬೈಸ್ಕಂಡ್ನಲ್ಲ, ಏನು ಸವ್ದೋದ್ನಾ?" ಎಂದ ಅತ್ತೆ ಸೆರಗು ಬಾಯಿಗಿಟ್ಟು ಅತ್ತಳು.  ನಾನು ಕಾಫಿ ಕುಡಿಯುವ ನೆಪ ಹೇಳಿ ಎದ್ದು ಹೋದೆ.

ಮಧ್ಯಾಹ್ನ ಕಳೆದ ಮೇಲೆ ಮಾವನನ್ನು ಒಳಗೆ ಕರೆದೊಯ್ದರು. ಬಿಸಿಲು ಇಳಿಯುವ ಹೊತ್ತಿಗೆ ಹೊರಗೆ ತಂದರು. ಕಲ್ಲು ಬಂದಿತ್ತು, ಅಷ್ಟು ಕುಣಿಸಿದ್ದು ತೊಗರಿಕಾಳಿಗಿಂತ ಚಿಕ್ಕದು. ಎಚ್ಚರವಾಗುತ್ತಲೇ ಮಾವ "ನೀರು" ಎಂದ. ನರ್ಸು ಇನ್ನೂ ಕೊಡಬೇಡಿ ಎಂದಿದ್ದರು. ಅತ್ತೆ ಬಟ್ಟೆ ತುದಿ ಒದ್ದೆ ಮಾಡಿ ಅವನ ತುಟಿಗೆ ಒತ್ತಿದಳು, ಒಂದು ಹನಿಯನ್ನೂ ಒಳಗೆ ಬಿಡಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಮನೆಗೆ ಕಳಿಸಿಕೊಟ್ಟರು. ನರ್ಸಿಂಗ್ ಹೋಮಿನ ಬಾಗಿಲು ದಾಟುವಾಗ ನನ್ನ ಮೂಗು ಮತ್ತೆ ಕೈಕೊಟ್ಟಿತು. ಒಂದೇ ಸೀನು.

ಈ ಸಲ ಅತ್ತೆ ಯಾರನ್ನೂ ತಡೆಯದೆ ತಲೆ ತಗ್ಗಿಸಿ ಮುಂದೆ ಹೆಜ್ಜೆ ಇಟ್ಟಳು. ಮಾವನೇ ಹಿಂದಕ್ಕೆ ಬಂದು ಬೆಂಚಿನ ಮೇಲೆ ಕೂತ. "ಇವ್ಳೇ, ನೀರು ಕೊಡು."

ಅವಳು ಚೀಲದಿಂದ ಚೊಂಬು ತೆಗೆದಳು, ಆದರೆ ಕೊಡಲಿಲ್ಲ. ವೆಂಕಟಲಕ್ಷ್ಮಮ್ಮನವರ ಕಡೆ ತಿರುಗಿ, "ಕುಡೀಬೋದೇನವ್ವಾ?" ಎಂದಳು.

"ಅಯ್ಯೋ, ಕಲ್ಲಾದವರು ನೀರು ಕುಡಿದಷ್ಟೂ ಒಳ್ಳೇದು. ದಿನಾ ಕುಡಿಸಿ."

ಮಾವ ಎತ್ತಿ ಕುಡಿದ. ಕುಡಿದು ಮುಗಿಸುವವರೆಗೂ ಅತ್ತೆ ಚೊಂಬಿನ ತಳಕ್ಕೆ ಕೈಯಾನಿಸಿ ನಿಂತಿದ್ದಳು. ಹಳೇಬೀಡಿನ ಬಸ್ಸು ತಪ್ಪಿತು. ನಾನು ಗೊಣಗಲಿಲ್ಲ.