ಎದುರಿನ ಕೆಫೆಯ ರಿಜಿಸ್ಟರ್

ಸೈಬರ್ ಕೆಫೆಗೆ ಬಂದವರ ಹೆಸರು, ವಿಳಾಸ ಬರೆಸಿಕೊಳ್ಳಬೇಕೆಂಬ ನಿಯಮ ಬಂದದ್ದೇ ತಡ, ಹೊನ್ನಾವರದ ನನ್ನ ಕೆಫೆಯ ಗಿರಾಕಿಗಳೆಲ್ಲ ಎದುರಿನ ಸುಮತಿಯ ಕೆಫೆಗೆ ಹೋಗತೊಡಗಿದರು. ನಿಯಮ ಇಬ್ಬರಿಗೂ ಒಂದೇ. ಕಂಪ್ಯೂಟರು ನನ್ನದೇ ಹೊಸತು! ಹೊಟ್ಟೆಯುರಿ ತಡೆಯದೆ, ಮೇಲ್ ನೋಡುವ ನೆಪದಲ್ಲಿ ನಾನೇ ಅಲ್ಲಿಗೆ ಹೋದೆ.

"ಯಾರ್ಯಾರು ಬರ್ತಾರೆ? ರಿಜಿಸ್ಟರ್ ಸ್ವಲ್ಪ ತೋರ್ಸು."

"ಪೊಲೀಸರು ಕೇಳಿದ್ರೆ ಮಾತ್ರ ತೋರ್ಸೂದು ಅಣ್ಣಾ," ಎಂದ ಸುಮತಿ, ಮೇಲಿನ ಹೆಸರುಗಳಿಗೆ ರಟ್ಟು ಮುಚ್ಚಿ, ಖಾಲಿ ಸಾಲೊಂದನ್ನು ನನ್ನ ಮುಂದಿಟ್ಟಳು. "ನಿಮ್ಮ ಹೆಸರು ಬರೀರಿ."

ಬರೆದೆ. ನಾನಿಲ್ಲಿಗೆ ಬಂದದ್ದು ಊರಿಗೆ ತಿಳಿಯುವುದಿಲ್ಲವಲ್ಲ ಎಂದು ಸಮಾಧಾನವೂ ಆಯಿತು.

ವಾಪಸು ಬಂದರೆ, ಪಕ್ಕದ ಚಾ ಅಂಗಡಿಯವನು ಕಾಲು ಚಾಚಿ, ಮೇಜಿನ ಮೇಲೆ ಸದಾ ತೆರೆದೇ ಇರುವ ನನ್ನ ರಿಜಿಸ್ಟರ್ ಓದುತ್ತ ಕೂತಿದ್ದ.

"ಎಂತ ಮಾರಾಯ ಇದು?"

"ಪೇಪರ್ ಓದಿ ಆತು," ಅಂದ.